ಕುರುಗೋಡಿನ ಹೆಣ್ಣುಮಗಳು

ಕೌಲ್ ಬಜಾರಿನ ಸುಮೈರಾಳಿಗೆ ಈಗ ನಲವತ್ತು ದಾಟಿದೆ. ಮಾರಾಟದ ಫೋನು ಬಂದರೆ ನಾವೆಲ್ಲ ಬೈದು ಇಡುತ್ತೇವೆ, ಅವಳು ಬೈಯುವುದಿಲ್ಲ. ಆ ಕಡೆಯ ಹುಡುಗಿ ಬಾಯಿಪಾಠ ಒಪ್ಪಿಸಿ ಮುಗಿಸುವವರೆಗೂ ಕೇಳಿಸಿಕೊಂಡು, "ನಿನ್ನ ಖರೇ ಹೆಸರೇನವ್ವಾ?" ಎಂದು ಕೇಳುತ್ತಾಳೆ. ಅಷ್ಟಕ್ಕೇ ಆ ಕಡೆಯಿಂದ ಫೋನು ಕಟ್ ಆಗುತ್ತದೆ. ಗಂಡ ಇಲಿಯಾಸ್ ನಗುತ್ತಾನೆ. ಅವಳಿಗೆ ನಗು ಬರುವುದಿಲ್ಲ, ಯಾಕೆಂದರೆ ಒಂದು ಕಾಲದಲ್ಲಿ ಅವಳಿಗೂ ಎರಡು ಹೆಸರಿದ್ದವು.

ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅವಳು ಅಂಜನಾ. ಆ ಹೆಸರು ಅವಳು ಬಯಸಿ ಇಟ್ಟುಕೊಂಡದ್ದಲ್ಲ, ಕೆಲಸಕ್ಕೆ ಸೇರಿದ ದಿನವೇ ಯಜಮಾನ ಓಬಣ್ಣ ಕೊಟ್ಟದ್ದು. ಆ ಆಫೀಸಿನಲ್ಲಿ ಐದು ಜನ ಹೆಣ್ಣುಮಕ್ಕಳಿದ್ದರು, ಐವರಿಗೂ ಫೋನಿನ ಹೆಸರು ಬೇರೆ. ಗಾದೆಮ್ಮ ಅಲ್ಲಿ ಪ್ರಿಯಾ ಆಗಿದ್ದಳು, ಕೊಟ್ರಬಸಮ್ಮ ಕಾವ್ಯಾ ಆಗಿದ್ದಳು. "ಫೋನಿನಾಗ ಹೆಸರು ಹಗುರ ಇರ್ಬೇಕವ್ವಾ," ಎನ್ನುತ್ತಿದ್ದ ಓಬಣ್ಣ. ಹೆಸರು ಬೇರೆಯಾದ ಮೇಲೆ ಅದರ ಬಾಯಲ್ಲಿ ಬರುವ ಮಾತೂ ತನ್ನದಲ್ಲ ಎಂದು ಆ ಐವರೂ ನಂಬಿಕೊಂಡಿದ್ದರು.

ಅದು ಅದಿರಿನ ಕಾಲ. ಬಳ್ಳಾರಿಯಲ್ಲಿ ಬೀಸುವ ಗಾಳಿಯೂ ಕೆಂಪು, ಒಣಹಾಕಿದ ಬಿಳಿ ಬಟ್ಟೆಯೂ ಕೆಂಪು. ನಿನ್ನೆ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಚೌಕಾಶಿ ಮಾಡುತ್ತಿದ್ದವನು ಇವತ್ತು ಕಾರಿನ ಗಾಜು ಇಳಿಸದೆ ಮಾತಾಡುತ್ತಿದ್ದ. ಓಬಣ್ಣ ಎರಡು ಲಾರಿ ಇಟ್ಟು ಅದಿರು ಸಾಗಿಸಿ ಕೈ ಬೆಚ್ಚಗೆ ಮಾಡಿಕೊಂಡವನು. ಆ ದುಡ್ಡಿನಲ್ಲಿ ರಾಯಲ್ ಸರ್ಕಲ್ಲಿನ ಹತ್ತಿರ ಒಂದು ಮಾಳಿಗೆ ಬಾಡಿಗೆ ಹಿಡಿದು, ಮನೆಯ ಮೇಲೆ ಡಿಶ್ ಕೂರಿಸಿ ನೂರಾರು ಚಾನೆಲ್ ತೋರಿಸುವ ಒಂದು ಕಂಪನಿಯ ಏಜೆನ್ಸಿ ತೆಗೆದುಕೊಂಡಿದ್ದ. ಮೊಬೈಲ್ ಅಂಗಡಿಗಳಿಂದ ಸಿರುಗುಪ್ಪ, ಕುರುಗೋಡು, ರೂಪನಗುಡಿ ಕಡೆಯ ನಂಬರುಗಳ ಪಟ್ಟಿ ತರಿಸಿ ಹುಡುಗಿಯರ ಮುಂದೆ ಹಾಕುತ್ತಿದ್ದ.

ಆ ಪಟ್ಟಿಯ ಜೊತೆಗೆ ಒಂದು ವಿದ್ಯೆಯನ್ನೂ ಕಲಿಸಿದ್ದ. ಅದಕ್ಕೆ ಅವನು ಇಟ್ಟ ಹೆಸರು ಸಂಬಂಧ ಹಚ್ಚುವುದು. ಮೊದಲು ಊರು ಕೇಳಬೇಕು. ಆಮೇಲೆ ಓಣಿ ಕೇಳಬೇಕು. "ಹೌದೇನ್ರೀ? ನಾನೂ ನಿಮ್ಮೂರ ಹೆಣ್ಣುಮಗಳೇ ಅದೀನಿ, ಬಳ್ಳಾರಿಗೆ ಕೊಟ್ಟಾರ," ಎನ್ನಬೇಕು. ಡಿಶ್ಶಿನ ಮಾತು ಅಲ್ಲಿಯವರೆಗೆ ಬರಲೇಬಾರದು. ನಮ್ಮ ಕಡೆ ಕಂಪನಿಯವರಿಗೆ ಬೇಡ ಎನ್ನಲು ಯಾರಿಗೂ ಹೆದರಿಕೆಯಿಲ್ಲ. ಊರ ಹೆಣ್ಣುಮಗಳಿಗೆ ಬೇಡ ಎನ್ನುವುದು ಮಾತ್ರ ಕಷ್ಟ, ನಾಲಿಗೆ ಏಳುವುದಿಲ್ಲ. ಓಬಣ್ಣ ಓದಿದ್ದು ಏಳನೆಯ ಕ್ಲಾಸಾದರೂ ಇದನ್ನು ಚೆನ್ನಾಗಿ ಓದಿಕೊಂಡಿದ್ದ.

ಸುಮೈರಾ ಈ ವಿದ್ಯೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಹತ್ತು ಗಂಟೆಗೆ ಸಿರುಗುಪ್ಪದ ಮಗಳು, ಹನ್ನೊಂದಕ್ಕೆ ರೂಪನಗುಡಿಯ ಮಗಳು, ಊಟದ ಹೊತ್ತಿಗೆ ಕುರುಗೋಡಿನ ಮಗಳು. ಒಂದೇ ದಿನದಲ್ಲಿ ಅಷ್ಟು ತೌರುಮನೆ ಮಾಡಿಕೊಂಡವಳು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಿಲ್ಲ. ಯಾರು ಎಷ್ಟು ಮಾರಿದರು ಎಂಬ ಲೆಕ್ಕಕ್ಕೆ ಗೋಡೆಯ ಮೇಲೆ ಒಂದು ಬಿಳಿ ಹಲಗೆ ಇತ್ತು, ಪ್ರತಿ ಸಂಜೆ ಅದರ ಮೇಲ್ತುದಿಯಲ್ಲಿ ಅಂಜನಾ ಎಂದು ಓಬಣ್ಣ ಬರೆಯುತ್ತಿದ್ದ. ಅದನ್ನು ನೋಡಿ ಅವಳಿಗೆ ಹಿಗ್ಗಾಗುತ್ತಿತ್ತು.

ಅವಳ ಮನೆಯಲ್ಲಿ ಉಪವಾಸವೇನೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಾರಿಗಳಿಗೆ ಬಾಡಿ ಕಟ್ಟುವ ವೆಲ್ಡಿಂಗ್ ಶೆಡ್ಡಿನಲ್ಲಿ ಇಲಿಯಾಸನಿಗೆ ಹಗಲೂ ರಾತ್ರಿ ಕೆಲಸ. ಹೊಟ್ಟೆಪಾಡಿಗಾಗಿ ಸುಳ್ಳು ಹೇಳಿದೆ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಅವಳೂ ಹಾಗೆ ಯಾವತ್ತೂ ಹೇಳಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅವರ ಮನೆಯ ತಗಡಿನ ಮಾಡಿನ ಮೇಲೂ ಒಂದು ಡಿಶ್ ಇತ್ತು, ಆದರೆ ಅದು ಓಬಣ್ಣನ ಕಂಪನಿಯದಲ್ಲ. ಕೇಬಲ್‌ನವನು ತಿಂಗಳಿಗೆ ನೂರೈವತ್ತು ಕೇಳುತ್ತಿದ್ದ, ಹಬ್ಬ ಬಂದರೆ ಮೇಲೆ ಇನಾಮು ಬೇರೆ. ಕಂಪನಿಯ ಡಿಶ್ಶಿಗೆ ಮೊದಲು ಎರಡು ಸಾವಿರ, ಆಮೇಲೆ ತಿಂಗಳಾ ಇನ್ನೂರೈವತ್ತು. ಇಲಿಯಾಸ್ ಮತ್ತು ಅವನ ತಾಯಿ ಜುಬೇದಾ ಒಂದು ಭಾನುವಾರ ಕೂತು ಎರಡನ್ನೂ ಅಳೆದು ಸುರಿದು, ಕೊನೆಗೆ ಸರ್ಕಾರದ ಪುಕ್ಕಟೆ ಡಿಶ್ ತಂದರು. ಅದಕ್ಕೆ ಒಂದೇ ಸಲ ಸಾವಿರದ ಆರುನೂರು, ಆಮೇಲೆ ಜನ್ಮದಲ್ಲಿ ದುಡ್ಡು ಕಟ್ಟುವ ಗೋಜಿಲ್ಲ. ಚಾನೆಲ್ಲು ಕಡಿಮೆ, ಆದರೆ ಕನ್ನಡದ ಚಂದನ ಬರುತ್ತಿತ್ತು. ಜುಬೇದಾಳಿಗೆ ಅಷ್ಟು ಸಾಕಾಗಿತ್ತು. ಸುಮೈರಾ ದಿನವಿಡೀ ಮಾರುತ್ತಿದ್ದ ವಸ್ತುವನ್ನು ಅವಳ ಮನೆಯವರೇ ಬೇಡವೆಂದು ಬಿಟ್ಟಿದ್ದರು. ಈ ಮಾತು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಪಟ್ಟಿಯಲ್ಲಿ ಕುರುಗೋಡಿನ ಚನ್ನವೀರಮ್ಮನ ನಂಬರು ಬಂತು. ಊರಿನಲ್ಲಿ ದೊಡ್ಡಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವಳ ಮನೆ. ಗಂಡ ಮರಿಬಸಪ್ಪನದು ಹಿಟ್ಟಿನ ಗಿರಣಿ. ಇವಳು ಜೋಳದ ಕಟಕ ರೊಟ್ಟಿ ಬಡಿದು ಬಳ್ಳಾರಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಗಟ್ಟಿ ಹೆಂಗಸು. ಗಿರಣಿಯಲ್ಲಿ ಯಾರದೋ ಹಿಟ್ಟು ಒಂದು ಹಿಡಿ ಉಳಿದರೂ ಕರೆದು ಕೊಟ್ಟುಬರುವವಳು. ಹಾಗೆಯೇ ತನ್ನದು ಒಂದು ಹಿಡಿಯನ್ನೂ ಸುಮ್ಮನೆ ಬಿಡುವವಳಲ್ಲ.

"ರೊಟ್ಟಿ ಬಡಿಯಾಕತ್ತೀನವ್ವಾ, ಕೈಯೆಲ್ಲ ಹಿಟ್ಟು. ಬ್ಯಾಡ ನಮಗ," ಎಂದು ಮೊದಲ ಸಲ ಫೋನು ಇಟ್ಟಳು. ಸುಮೈರಾ ಮರುದಿನ ಮಾಡಿದಳು, ಅದರ ಮರುದಿನವೂ ಮಾಡಿದಳು. ಬೆಳಿಗ್ಗೆ ಒಲೆಯ ಮುಂದಿದ್ದಾಗ, ಮಧ್ಯಾಹ್ನ ಕಣ್ಣು ಹತ್ತಿದಾಗ, ಸಂಜೆ ದೀಪ ಹಚ್ಚುವಾಗ. ಆರನೆಯ ಸಲಕ್ಕೆ ಚನ್ನವೀರಮ್ಮ ಬೈಯುವುದನ್ನು ಬಿಟ್ಟು ವಿಚಾರಿಸತೊಡಗಿದಳು. ಬೈಯುವವರು ಬೈಯುವುದನ್ನು ಬಿಟ್ಟರೆ ಅರ್ಧ ಮಾರಾಟವಾದ ಹಾಗೆ ಎಂದು ಓಬಣ್ಣ ಹೇಳಿಕೊಟ್ಟಿದ್ದ.

"ಕೇಬಲ್‌ನಾವ ನೂರೈವತ್ತು ತೊಗೊಂತಾನ. ನಿಂದು ಇನ್ನೂರೈವತ್ತು. ನಾ ಯಾಕ ನೂರು ರೂಪಾಯಿ ಜಾಸ್ತಿ ಕೊಡ್ಲಿ?"

"ಕೇಬಲ್ ಮಳಿ ಬಂದ್ರ ಹೋಗತೈತಿ, ಗಾಳಿ ಬಂದ್ರ ಹೋಗತೈತಿ. ನಮ್ಮದರಾಗ ನೂರಾ ಅರವತ್ತು ಚಾನೆಲ್ ಬರ್ತಾವ್ರಿ."

"ನಮ್ಮ ಯಜಮಾನ್ರು ನೋಡೋದು ಒಂದ. ಚಂದನದಾಗ ವಚನ, ವಾರ್ತೆ, ಒಕ್ಕಲುತನದ್ದು. ಉಳಿದ ನೂರಾ ಐವತ್ತೊಂಬತ್ತನ್ನ ನಾ ಏನ್ ಮಾಡ್ಲಿ, ರೊಟ್ಟಿ ಜೋಡಿ ಕಟ್ಟಿ ಕಳಸ್ಲ್ಯಾ?"

ಸುಮೈರಾಳಿಗೆ ನಿಜವಾಗಿ ನಗು ಬಂತು. ಆ ನಗುವಿನಿಂದಲೇ ಇಬ್ಬರ ನಡುವೆ ಸ್ವಲ್ಪ ಸಲಿಗೆ ಬೆಳೆಯಿತು. ಆಮೇಲೆ ಚನ್ನವೀರಮ್ಮ ಕೇಳಬಾರದ ಪ್ರಶ್ನೆಯನ್ನು ಕೇಳಿದಳು.

"ತಿಂಗಳಾ ರೊಕ್ಕ ಕಟ್ಟೋದು ಇಲ್ಲದ್ದು ಒಂದು ಡಿಶ್ ಐತೆಂತಲ್ಲ? ಬಾಜು ಮನಿ ಸಾವಂತ್ರಮ್ಮ ತರ್ತೀನಿ ಅನ್ನಾಕತ್ತ್ಯಾಳ. ಅದು ಹೆಂಗೈತಿ?"

ಅವತ್ತು ತಿಂಗಳ ಕೊನೆಯ ದಿನ. ಹಲಗೆಯ ಮೇಲೆ ಅಂಜನಾಳ ಮುಂದೆ ಇಪ್ಪತ್ತೊಂಬತ್ತು ಎಂದಿತ್ತು. ಮೂವತ್ತಾದರೆ ಕ್ಯಾಮರಾ ಇರುವ ಹೊಸ ಮೊಬೈಲು ಬಹುಮಾನ. ಡಬ್ಬಿ ಓಬಣ್ಣನ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತಿತ್ತು.

"ಅದು ಬರೇ ಹಿಂದಿದು, ಅಮ್ಮಾ. ಅದರಾಗ ಕನ್ನಡ ಬರೋದಿಲ್ಲ," ಎಂದಳು ಸುಮೈರಾ. ಆ ಕಡೆ ಚನ್ನವೀರಮ್ಮ ಯೋಚಿಸುತ್ತಿರುವುದು ಗೊತ್ತಾಯಿತು. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಅವಳು ಬಿಡಲಿಲ್ಲ. "ನಾನೂ ಕುರುಗೋಡಿನ ಹೆಣ್ಣುಮಗಳ ಅದೀನಿ. ತೌರಿನವರಿಗೆ ಯಾರರ ಸುಳ್ಳು ಹೇಳ್ತಾರೇನ್ರಿ?"

"ಅಷ್ಟಂದ ಮ್ಯಾಲ ಮುಗೀತವ್ವಾ," ಎಂದಳು ಚನ್ನವೀರಮ್ಮ. "ಕಳಸು."

ಸಂಜೆ ಆಫೀಸಿನಲ್ಲಿ ಚಪ್ಪಾಳೆ ಬಿತ್ತು. ಹೊಸ ಮೊಬೈಲಿನಲ್ಲಿ ಸುಮೈರಾ ತೆಗೆದ ಮೊದಲ ಫೋಟೋ ಆ ಹಲಗೆಯದು.

ಮೂರು ತಿಂಗಳು ಕಳೆಯಿತು. ಡಿಶ್ ಹಾಕಿಸಿಕೊಂಡವರಲ್ಲಿ ಅರ್ಧ ಜನ ಮೊದಲಿನ ಪ್ಯಾಕು ಮುಗಿದ ಮೇಲೆ ರೀಚಾರ್ಜ್ ಮಾಡಿಸಲಿಲ್ಲ, ಫೋನು ಮಾಡಿದರೆ ಎತ್ತಲೂ ಇಲ್ಲ. ಓಬಣ್ಣ ಸುಮೈರಾಳನ್ನು ಡಿಶ್ ಕೂರಿಸುವ ಹುಡುಗ ವೀರಭದ್ರನ ಜೊತೆ ಓಮ್ನಿಯಲ್ಲಿ ಊರೂರಿಗೆ ಕಳಿಸಿದ. "ಮಾರಿ ತೋರಸ್ರಿ. ಮಾರಿ ನೋಡಿದ್ರ ಕೊಡ್ತಾರ," ಎಂದ.

ಮೊದಲು ಸಿರುಗುಪ್ಪಕ್ಕೆ ಹೋದರು. ಅಲ್ಲಿ ಭತ್ತದ ಮಿಲ್ಲಿನ ಹಿಂದಿನ ಮನೆಯ ಪಾರಮ್ಮ ಎಂಬ ಹೆಂಗಸು ಬಾಗಿಲಲ್ಲೇ ನಿಲ್ಲಿಸಿ ಚಳಿ ಬಿಡಿಸಿದಳು. "ಹದಿನಾಲ್ಕು ಸಲ ಫೋನ್ ಮಾಡೀದಿ. ನಮ್ಮ ಮಾವ ಆಸ್ಪತ್ರ್ಯಾಗಿದ್ದಾಗ್ಲೂ ಮಾಡೀದಿ. ನಾಚಿಕಿ ಆಗೋದಿಲ್ಲೇನು?" ಓಣಿಯ ಜನ ಹೊರಗೆ ಬಂದು ನೋಡಿದರು. ಸುಮೈರಾ ತಲೆ ತಗ್ಗಿಸಿ ನಿಂತು, ಓಮ್ನಿ ಹತ್ತಿದ ಮೇಲೆ ಶೇಂಗಾ ತಿಂದಳು. ನಿಜ ಹೇಳಬೇಕೆಂದರೆ ಅವಳಿಗೆ ನಾಚಿಕೆ ಆಗಿರಲಿಲ್ಲ. ಬೈಸಿಕೊಂಡವಳು ಅಂಜನಾ, ತಾನಲ್ಲ.

ಮಧ್ಯಾಹ್ನ ಕುರುಗೋಡಿಗೆ ಬಂದರು. ಅಲ್ಲಿಯೂ ಹೀಗೇ ಒಂದು ಪೂಜೆಯಾಗುತ್ತದೆ ಎಂದು ತಯಾರಾಗಿಯೇ ಅವಳು ಚನ್ನವೀರಮ್ಮನ ಬಾಗಿಲಲ್ಲಿ ನಿಂತು, "ಅಮ್ಮಾ, ಅದೀರೇನ್ರಿ?" ಎಂದಳು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಅಂಜನಾ ಅಲ್ಲೇನು?" ಎನ್ನುತ್ತ ಹಿಟ್ಟಿನ ಕೈಯಲ್ಲೇ ಚನ್ನವೀರಮ್ಮ ಹೊರಗೆ ಬಂದಳು. ದನಿಯಿಂದಲೇ ಗುರುತು ಹಿಡಿದಿದ್ದಳು. ದಪ್ಪ ಮೈಕಟ್ಟು, ಹಣೆಯ ತುಂಬ ವಿಭೂತಿ, ಕಣ್ಣಲ್ಲಿ ಸಂತೋಷ. "ಮೂರು ತಿಂಗಳಾತು ಊರ ಮಗಳು ಇವತ್ತ ಬರ್ತಾಳ, ನಾಳಿ ಬರ್ತಾಳ ಅಂತ ಕಾಯಾಕತ್ತೀನಿ. ಬಾರವ್ವಾ, ಹೊರಗ್ಯಾಕ ನಿಂತಿ?"

ಕೈಕಾಲಿಗೆ ನೀರು ಕೊಟ್ಟಳು. ವೀರಭದ್ರನಿಗೂ ಇವಳಿಗೂ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಪುಡಿ ಬಡಿಸಿದಳು. ವೀರಭದ್ರ ಸುಮೈರಾಳ ನಿಜವಾದ ಹೆಸರು ಬಲ್ಲವನು. ತಲೆ ಎತ್ತದೆ ಐದು ರೊಟ್ಟಿ ತಿಂದ. ಸುಮೈರಾ ಒಂದೇ ರೊಟ್ಟಿಗೆ ಕೈ ತೊಳೆದಳು. ಗೋಡೆಯ ಹಲಗೆಯ ಮೇಲೆ ಟಿವಿ ಇತ್ತು, ಅದರ ಮೇಲೆ ಒಗೆದ ಟವೆಲ್ ಹೊದಿಸಿತ್ತು. ಪ್ಯಾಕು ಮುಗಿದು ಒಂದು ತಿಂಗಳಾಗಿತ್ತು.

ಆ ಹೊತ್ತಿಗೆ ಬಾಜು ಮನೆಯ ಸಾವಂತ್ರಮ್ಮ ಬಂದಳು. ಅವಳು ಕೂರುವ ಮೊದಲೇ ಶುರುಮಾಡಿದಳು. "ಇಕೀನಾ ಆ ಫೋನಿನಾಕಿ? ಪುಕ್ಕಟಿ ಡಿಶ್ಶಿನಾಗ ಕನ್ನಡ ಬರೋದಿಲ್ಲ ಅಂದಾಕಿ? ನಮ್ಮ ಅಳಿಯ ತಂದು ಹಚ್ಯಾನ ನೋಡವ್ವಾ. ದಿನಾ ಬೆಳಿಗ್ಗೆ ಚಂದನ ಬರತೈತಿ. ನಿಮ್ಮ ಮರಿಬಸಪ್ಪ ಕಾಕಾರು ನಮ್ಮ ಮನಿಗೆ ಬಂದು ವಚನ ಕೇಳಿ ಹೋಗ್ತಾರ."

"ಆಕಿಗೆ ಗೊತ್ತಿರಾಕಿಲ್ಲವ್ವಾ," ಎಂದಳು ಚನ್ನವೀರಮ್ಮ. "ಊರ ಹೆಣ್ಣುಮಗಳು ಬೇಕಂತ ಸುಳ್ಳು ಹೇಳ್ತಾಳೇನು? ಓಣಿ ತುಂಬ ಇದ ಮಾತು ಹಚ್ಚೀರಿ." ಆಮೇಲೆ ಸುಮೈರಾಳ ಕಡೆ ತಿರುಗಿ ಮೆತ್ತಗೆ ಕೇಳಿದಳು. "ಹೇಳವ್ವಾ, ನಿನಗ ಗೊತ್ತಿತ್ತೇನು?"

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ಆದರೆ ಬಾಯಿಗೆ ರೂಢಿ ಎಂಬುದೊಂದು ಇರುತ್ತದೆ.

"ಅವಾಗ ಬರ್ತಿರಲಿಲ್ಲರಿ. ಈಗೀಗ ಹಚ್ಯಾರ."

"ಕೇಳಿದೇನು?" ಎಂದು ಚನ್ನವೀರಮ್ಮ ಸಾವಂತ್ರಮ್ಮನನ್ನು ನೋಡಿದಳು. ಮೂರು ತಿಂಗಳು ಓಣಿಯವರ ಜೊತೆ ಒಬ್ಬಳೇ ವಾದಿಸಿ ಗೆದ್ದ ಹೆಂಗಸಿನ ಮುಖ ಅದು. ಆ ಮುಖವನ್ನು ನೋಡಲಾಗದೆ ಸುಮೈರಾ ಟಿವಿಯ ಮೇಲಿನ ಟವೆಲ್ ನೋಡಿದಳು.

ಹೊರಡುವ ಹೊತ್ತಿಗೆ ಚನ್ನವೀರಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿದಳು. ಹಣೆಗೆ ಕುಂಕುಮ ಹಚ್ಚಿದಳು. ಸುಮೈರಾಳ ಕೊರಳಲ್ಲಿ ಕರಿಮಣಿ ಇತ್ತು. ಹಿಂದೂಗಳಲ್ಲೂ ಕರಿಮಣಿ, ಮುಸಲ್ಮಾನರಲ್ಲೂ ಕರಿಮಣಿ, ಹಾಗಾಗಿ ಅನುಮಾನಕ್ಕೆ ಎಡೆಯಿರಲಿಲ್ಲ. "ಸೆರಗು ಹಿಡಿಯವ್ವಾ," ಎಂದಳು. ಒಂದು ಕುಪ್ಪಸದ ಕಣ, ಒಣಕೊಬ್ಬರಿಯ ಬಟ್ಟಲು, ಎಲೆ ಅಡಿಕೆ, ಉತ್ತುತ್ತಿ, ಆಮೇಲೆ ಎರಡೂ ಕೈ ಜೋಡಿಸಿ ಅಕ್ಕಿ. ತೌರಿಗೆ ಬಂದ ಮಗಳಿಗೆ ತುಂಬುವ ಉಡಿ. ಒಂದು, ಎರಡು, ಮೂರು. ಐದು ಸಲ ಅಕ್ಕಿ ಬೀಳುವಷ್ಟು ಹೊತ್ತು ಸುಮೈರಾ ಸೆರಗು ಹಿಡಿದುಕೊಂಡು ಕೂತಿದ್ದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಸಿರುಗುಪ್ಪದ ಪಾರಮ್ಮ ಬೈದಾಗ ಬಾರದ ನಾಚಿಕೆ ಈಗ ಒಟ್ಟಿಗೇ ಬಂದಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಚನ್ನವೀರಮ್ಮ ಒಳಗೆ ಹೋಗಿ ದುಡ್ಡು ತಂದಳು. "ಆರು ತಿಂಗಳದ್ದು ಹಾಕು."

"ಬ್ಯಾಡ ಅಮ್ಮಾ. ನೀವು ನೋಡೋದ ಇಲ್ಲ."

"ನಾವು ನೋಡ್ಲಿ ಬಿಡ್ಲಿ. ಮನಿಗೆ ಬಂದ ಮಗಳು ಬರಿಗೈಲೆ ಹೋಗಬಾರದು."

ಓಮ್ನಿ ಕೋಳೂರು ದಾಟಿತು. "ರೊಟ್ಟಿ ಭಾಳ ಚಲೋ ಇದ್ವು ಅಕ್ಕಾ," ಎಂದ ವೀರಭದ್ರ. ಎಂದೂ ಅಕ್ಕಾ ಎನ್ನದಿದ್ದವನು ಅಂದಿದ್ದ. ಸುಮೈರಾ ಹಣೆಯ ಕುಂಕುಮ ಒರೆಸಿಕೊಳ್ಳಲು ಕೈ ಎತ್ತಿದಳು, ಒರೆಸಲು ಮನಸ್ಸಾಗಲಿಲ್ಲ, ಕೈ ಇಳಿಸಿದಳು.

ಮನೆಯಲ್ಲಿ ಅತ್ತೆ ಜುಬೇದಾ ಸುಮೈರಾ ತಂದ ಗಂಟು ಬಿಚ್ಚಿದಳು. ಅವಳು ಸಿರುಗುಪ್ಪದ ಕಡೆಯ ರಾರಾವಿಯವಳು. ಆ ಊರಿನಲ್ಲಿ ಪಕ್ಕದ ಮನೆಯ ಗೌಡತಿ ಅವಳು ತೌರಿಗೆ ಹೋದಾಗಲೆಲ್ಲ ಉಡಿ ತುಂಬಿ ಕಳಿಸುತ್ತಿದ್ದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಒಟ್ಟಿಗೆ ಕಂಡರೆ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಯಾರು ತುಂಬಿದ್ರು?"

"ಕುರುಗೋಡಿನಾಗ ಒಬ್ಬರು."

"ಏನಂತ ತುಂಬಿದ್ರು?"

ಸುಮೈರಾ ಎಲ್ಲವನ್ನೂ ಹೇಳಿದಳು. ಮುಚ್ಚಿಟ್ಟು ಅರ್ಧ ಹೇಳೋಣ ಎಂದುಕೊಂಡೇ ಶುರುಮಾಡಿದ್ದಳು, ಆದರೆ ಜುಬೇದಾ ನಡುವೆ ಒಂದು ಮಾತೂ ಆಡದಿದ್ದುದರಿಂದ ನಿಲ್ಲಿಸುವ ಜಾಗ ಸಿಗಲಿಲ್ಲ. ಹೇಳಿ ಮುಗಿದ ಮೇಲೆ ಜುಬೇದಾ ಅಕ್ಕಿಯನ್ನು ಮನೆಯ ಅಕ್ಕಿಡಬ್ಬಿಗೆ ಸುರಿಯಲಿಲ್ಲ. ಒಂದು ಸಣ್ಣ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಮೇಲಿನ ಗೂಡಿನಲ್ಲಿ ಇಟ್ಟಳು.

"ಇದು ನಿನ್ನ ಉಡಿ ಅಲ್ಲ, ಅಂಜನಾಂದು," ಎಂದಳು. "ಆಕಿ ಮನಿಗೆ ಬಂದಾಗ ಕುದಸ್ತೀನಿ."

ಬೈಗುಳವಾಗಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಆ ಪಾತ್ರೆ ಮಾತ್ರ ದಿನವೂ ಅಲ್ಲೇ ಇರುತ್ತಿತ್ತು. ಉಪ್ಪು ತೆಗೆಯಲು ಕೈ ಚಾಚಿದರೆ ಕಾಣುತ್ತಿತ್ತು, ಚಹದ ಪುಡಿ ತೆಗೆಯಲು ಹೋದರೂ ಕಾಣುತ್ತಿತ್ತು. ಬೆಳಿಗ್ಗೆ ಜುಬೇದಾ ಟಿವಿ ಹಾಕಿದರೆ ಚಂದನದ ಹಾಡು ಅಡುಗೆಮನೆಗೆ ಕೇಳಿಸುತ್ತಿತ್ತು. ಆ ಹೊತ್ತಿಗೆ ಕುರುಗೋಡಿನಲ್ಲಿ ಮರಿಬಸಪ್ಪ ಅದೇ ಹಾಡನ್ನು ದುಡ್ಡು ಕೊಟ್ಟು ಕೇಳುತ್ತಿರಬೇಕು ಎಂದುಕೊಂಡು ಸುಮೈರಾ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಆಫೀಸಿನಲ್ಲಿ ಓಬಣ್ಣ ಆರು ತಿಂಗಳ ರೀಚಾರ್ಜ್ ತಂದ ಸಾಹಸವನ್ನು ಎಲ್ಲರೆದುರು ಹೊಗಳಿದ. ಅವಳು ಫೋನು ಹಿಡಿದು, ಊರು ಕೇಳಿ, ಓಣಿ ಕೇಳಿ, ಮುಂದಿನ ಮಾತು ಬರುವ ಮೊದಲೇ ಫೋನು ಇಟ್ಟುಬಿಡುತ್ತಿದ್ದಳು. ಹಲಗೆಯ ಮೇಲೆ ಅಂಜನಾ ಮೇಲಿನಿಂದ ಕೆಳಗೆ ಇಳಿದು, ಹದಿನೈದು ದಿನಕ್ಕೆ ಪ್ರಿಯಾಳ ಕೆಳಗೆ ಬಂದಳು.

ಚನ್ನವೀರಮ್ಮನ ಮನೆಯಲ್ಲಿ ಕೂತು ತನ್ನ ಹೆಸರನ್ನು ಹೇಳದ ಹೊರತು ಇದಕ್ಕೆ ಕೊನೆಯಿಲ್ಲ ಎಂದು ಅವಳಿಗೆ ಗೊತ್ತಾಯಿತು. ಒಂದು ಭಾನುವಾರ ಹೊರಟಳು. ಆ ಅಕ್ಕಿಯ ಪಾತ್ರೆಗೆ ಕೈ ಹಾಕಿದಾಗ ಜುಬೇದಾ ತಡೆದಳು. "ಉಡಿ ಅಕ್ಕಿ ತಿರುಗಿ ಕೊಡಬಾರದು. ಕೊಟ್ಟಾಕಿ ಮನಿಗೆ ಒಳ್ಳೇದಲ್ಲ. ಬಾಯಿ ಅಷ್ಟ ಒಯ್ಯಿ."

ಅವಳು ಬಾಯಿಯ ಜೊತೆಗೆ ತನ್ನ ಸಂಬಳದಿಂದ ಆರು ತಿಂಗಳ ದುಡ್ಡನ್ನೂ ಒಂದು ಕವರಿನಲ್ಲಿ ಒಯ್ದಳು. ಬಸ್ಸಿನಲ್ಲಿ ಇಡೀ ದಾರಿ ಮಾತು ಜೋಡಿಸಿದಳು. ದಿನಕ್ಕೆ ನೂರು ಜನರ ಜೊತೆ ಮಾತಾಡುವವಳಿಗೆ ಒಂದು ವಾಕ್ಯ ಕೂಡಿಬರಲಿಲ್ಲ.

ಚನ್ನವೀರಮ್ಮ ರೊಟ್ಟಿಯ ಗಂಟು ಕಟ್ಟುತ್ತಿದ್ದಳು. ಗಂಡ ಗಿರಣಿಗೆ ಹೋಗಿದ್ದ. "ಬಾರವ್ವಾ ಅಂಜನಾ, ಹದಿನೈದು ದಿನಕ್ಕ ತೌರು ನೆನಪಾತು," ಎಂದು ನಗುತ್ತ ಚಾಪೆ ಹಾಕಿದಳು.

ಸುಮೈರಾ ಚಾಪೆಯ ಮೇಲೆ ಕೂರಲಿಲ್ಲ.

"ನನ್ನ ಹೆಸರು ಅಂಜನಾ ಅಲ್ಲರಿ. ಸುಮೈರಾ. ಕುರುಗೋಡು ನನ್ನ ತೌರಲ್ಲ, ನಾ ಇಲ್ಲಿ ಬಂದಿದ್ದ ಅವತ್ತು ಮೊದಲ್ನೇ ಸಲ. ನಾನು ಹುಟ್ಟಿದ್ದೂ ಬಳ್ಳಾರಿ, ಕೊಟ್ಟಿದ್ದೂ ಬಳ್ಳಾರಿ, ಕೌಲ್ ಬಜಾರ್. ಪುಕ್ಕಟಿ ಡಿಶ್ಶಿನಾಗ ಕನ್ನಡ ಅವಾಗ್ಲೂ ಬರ್ತಿತ್ತು. ನನಗ ಗೊತ್ತಿತ್ತು."

ಚನ್ನವೀರಮ್ಮ ರೊಟ್ಟಿಯ ಗಂಟನ್ನು ಬಿಗಿದು ಪೂರ್ತಿ ಕಟ್ಟಿದಳು. ಆಮೇಲೆ ಎದ್ದು ಹೋಗಿ ಬೀದಿಬಾಗಿಲನ್ನು ಹಾಕಿದಳು. ನಡುಹಗಲು ಅದು. ಆ ಓಣಿಯಲ್ಲಿ ಹಗಲು ಬಾಗಿಲು ಹಾಕುವವರು ಯಾರೂ ಇಲ್ಲ.

"ಓಣಿಗೆ ಕೇಳಬಾರದು," ಎಂದಳು. "ನಿನ್ನ ಸಲುವಾಗಿ ಅಲ್ಲ. ಇವರೆಲ್ಲರ ಮುಂದ ನಿನ್ನ ಪರ ಮಾತಾಡಿ ಕುಂತಾಕಿ ನಾನು."

ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಸ್ವಲ್ಪ ಕತ್ತಲಾಯಿತು. ಚನ್ನವೀರಮ್ಮ ಒಲೆಯ ಹತ್ತಿರದ ಕಟ್ಟೆಯ ಮೇಲೆ ಕೂತಳು. ಸುಮೈರಾ ಕವರನ್ನು ಅವಳ ಪಕ್ಕದಲ್ಲಿ ಇಟ್ಟಳು. ಬಿಚ್ಚಿ ನೋಡದೆಯೇ ಚನ್ನವೀರಮ್ಮ ಅದನ್ನು ಹಿಂದೆ ಸರಿಸಿದಳು. "ಅದು ಟಿವಿಗೆ ಕೊಟ್ಟಿದ್ದಲ್ಲ. ಮಗಳಿಗೆ ಕೊಟ್ಟಿದ್ದು."

"ನನ್ನ ಹೆಸರು ಮೊದಲ ಹೇಳಿದ್ರ..." ಎಂದು ಸುಮೈರಾ ಏನೋ ಹೇಳಹೊರಟಳು.

"ಹೆಸರು ಏನರ ಇರವಲ್ದ್ಯಾಕ," ಎಂದು ಚನ್ನವೀರಮ್ಮ ತಡೆದಳು. "ಸುಮೈರಾ ಅಂತ ಬಂದಿದ್ರೂ ರೊಟ್ಟಿ ಹಾಕ್ತಿದ್ದೆ, ಉಡಿನೂ ತುಂಬ್ತಿದ್ದೆ. ನಮ್ಮ ಗಿರಣಿಗೆ ಬರೋ ಅರ್ಧ ಮಂದಿ ನಿಮ್ಮವ್ರು. ಅದು ಬಿಡು. ನನಗ ಒಂದ ಹೇಳು. ನಿಮ್ಮ ಮನ್ಯಾಗ ಯಾವ ಡಿಶ್ ಐತಿ?"

ಸುಮೈರಾ ನೆಲ ನೋಡಿದಳು. ನೆಲದ ಮೇಲೆ ಜೋಳದ ಹಿಟ್ಟು ಚೆಲ್ಲಿತ್ತು, ಅದರಲ್ಲಿ ಅವಳ ಹೆಜ್ಜೆ ಮೂಡಿತ್ತು.

"ರೊಕ್ಕ ಕಟ್ಟೋದು ಇಲ್ಲದ್ದು," ಎಂದಳು.

"ಚಂದನ ಬರತೈತೇನು?"

"ಬರತೈತಿ."

"ನಿಮ್ಮತ್ತಿ ನೋಡ್ತಾಳೇನು?"

"ದಿನಾ ನೋಡ್ತಾರ."

ಚನ್ನವೀರಮ್ಮ ತಲೆಯಾಡಿಸಿದಳು. ಸಿಟ್ಟಿಲ್ಲದೆ, ಮೆಲ್ಲಗೆ, ಲೆಕ್ಕ ತಾಳೆಯಾದವರ ಹಾಗೆ. ಸಿಟ್ಟು ಮಾಡಿ ನಾಲ್ಕು ಮಾತು ಅಂದಿದ್ದರೆ ಸುಮೈರಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳಿಗೆ ಅಳು ಬಂತು, ಅತ್ತರೆ ಅದೂ ಒಂದು ಮಾರಾಟವಾದೀತು ಎಂದು ತಡೆದುಕೊಂಡಳು.

"ಹೋಗಿ ಬರ್ತೀನ್ರಿ," ಎಂದಳು.

ಚನ್ನವೀರಮ್ಮ ಎದ್ದು ಬಾಗಿಲು ತೆಗೆದಳು. ಈ ಸಲ ಮಣೆ ಹಾಕಲಿಲ್ಲ, ಕುಂಕುಮದ ಬಟ್ಟಲು ತರಲಿಲ್ಲ. ಅದು ಸರಿಯೇ ಆಗಿತ್ತು. ಸುಮೈರಾ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.

ಎದುರು ಕಟ್ಟೆಯ ಮೇಲೆ ಸಾವಂತ್ರಮ್ಮ ಕೂತಿದ್ದಳು. ಬಾಗಿಲು ಹಾಕಿದ್ದನ್ನು ನೋಡಿಯೇ ಬಂದು ಕೂತಿರಬೇಕು. "ಏನಕ್ಕಾ, ಹಾಡಹಗಲ ಬಾಗಲಾ ಹಾಕ್ಕೊಂಡಿದ್ದಿ? ಇಕಿ ಆ ಫೋನಿನಾಕಿ ಅಲ್ಲೇನು? ಮತ್ಯಾಕ ಬಂದಿದ್ಲು?"

ಸುಮೈರಾ ನಿಂತಳು. ಚನ್ನವೀರಮ್ಮ ಹೇಳಲಿ, ಓಣಿಗೆಲ್ಲ ಕೇಳುವ ಹಾಗೆ ಹೇಳಲಿ ಎಂದು ಕಾದಳು. ಅವಳು ಬಂದದ್ದು ಅದಕ್ಕೇ.

"ನಮ್ಮೂರ ಹೆಣ್ಣುಮಗಳಲ್ಲೇನವ್ವಾ," ಎಂದಳು ಚನ್ನವೀರಮ್ಮ. "ತೌರು ನೆನಪಾತಂತ. ಬಂದು ಮಾತಾಡಿಸಿಕೊಂಡು ಹೊಂಟ್ಲು."

ಹೇಳುವಾಗ ಅವಳು ಸಾವಂತ್ರಮ್ಮನನ್ನೂ ನೋಡಲಿಲ್ಲ, ಸುಮೈರಾಳನ್ನೂ ನೋಡಲಿಲ್ಲ. ಸೆರಗಿನ ತುದಿಯಿಂದ ಕೈಗೆ ಅಂಟಿದ ಹಿಟ್ಟನ್ನು ಒರೆಸಿಕೊಳ್ಳುತ್ತಿದ್ದಳು.

ಆ ಮಾತನ್ನು ಸುಮೈರಾ ಫೋನಿನಲ್ಲಿ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಹಿಡಿ ಹಿಟ್ಟಿಗೂ ಸುಳ್ಳು ಹೇಳದ ಹೆಂಗಸು ತನ್ನ ಓಣಿಯಲ್ಲಿ, ತನ್ನ ಬಾಗಿಲಲ್ಲಿ ನಿಂತು ಅದನ್ನು ಹೇಳಿದ್ದಳು. ಹೇಳಿಸಿದವಳು ಅಂಜನಾ ಅಲ್ಲ, ಸುಮೈರಾ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.